ಟಾಂಟಿ ಐಜೋಲಾಳ ಕೂಗು

ನಮ್ಮ ಟೊಬೇಗೋ ದ್ವೀಪಕ್ಕೆ ಪ್ರವಾಸಿ ಹಡಗು ಬಂದ ದಿನ ಬೆಳಗ್ಗಿನಿಂದಲೇ ನನಗೆ ತಲೆ ಬಿಸಿ. ವ್ಯಾನ್ ಓಡಿಸುವವನು ನಾನು, ಪ್ರವಾಸಿಗರಿಂದಲೇ ನನ್ನ ಮನೆಯ ಒಲೆ ಉರಿಯುವುದು, ಒಪ್ಪಿದೆ. ಆದರೂ ಒಂದೇ ದಿನದಲ್ಲಿ ಒಂದು ಜಲಪಾತ, ಒಂದು ಹವಳದ ದಿಬ್ಬ, ಒಂದು ಕಾಡು, ಒಂದು ಹಕ್ಕಿ ಎಂದು ಮುಗಿಸಿ ಓಡುವವರನ್ನು ಕಂಡರೆ ಮೈ ಉರಿಯುತ್ತದೆ. ಅವರಿಗೆ ಐಜೋಲಾ ಕ್ವಾಶಿಯ ಬೆಲೆ ಗೊತ್ತಾಗದಿದ್ದರೆ ಹೋಗಲಿ. ನಮ್ಮವರಿಗೂ ಗೊತ್ತಾಗಲಿಲ್ಲವಲ್ಲ, ನನ್ನ ಸಿಟ್ಟು ಅದರ ಮೇಲೆ.

ಫ್ಲೋರಾ ಚಂಡಮಾರುತ ಬೆಟ್ಟದ ಮೇಲಿನ ಕಾಡನ್ನೆಲ್ಲ ನೆಲಕ್ಕೆ ಮಲಗಿಸಿದ ವರ್ಷ ಐಜೋಲಾ ಹುಟ್ಟಿದ್ದು. ಕಾಡೂ ಅವಳೂ ಜೊತೆಯಲ್ಲೇ ಬೆಳೆದರು. ಊರಿಗೆಲ್ಲ ಅವಳು ಟಾಂಟಿ, ಅಂದರೆ ಚಿಕ್ಕಮ್ಮ. ನಲವತ್ತು ವರ್ಷ ಅದೇ ಕಾಡಿನಲ್ಲಿ ಜನರಿಗೆ ದಾರಿ ತೋರಿಸಿದ್ದಾಳೆ. ಮೊಣಕಾಲಿನವರೆಗೆ ರಬ್ಬರ್ ಬೂಟು, ಕೈಯಲ್ಲಿ ಮಚ್ಚು, ಚೀಲದಲ್ಲಿ ಕರಿದ ರೊಟ್ಟಿ ಮತ್ತು ಉಪ್ಪುಮೀನು. ಹಕ್ಕಿಯನ್ನು ಅವಳು ಕಣ್ಣಿಂದ ಹುಡುಕಿದವಳೇ ಅಲ್ಲ, ಕಿವಿಯಿಂದ ಹುಡುಕುವವಳು. ಬಂದವರನ್ನು ಮರದ ಕೆಳಗೆ ನಿಲ್ಲಿಸಿ, "ಬಾಯಿ ಮುಚ್ಕೊಳ್ಳಿ, ಸೊಳ್ಳೆ ಕಚ್ಚಿದ್ರೆ ಕಚ್ಚಿಸ್ಕೊಳ್ಳಿ" ಎನ್ನುತ್ತಿದ್ದಳು. ಒಂದು ಗಂಟೆ, ಕೆಲವೊಮ್ಮೆ ಎರಡು. ಯಾರಾದರೂ ಗಡಿಯಾರ ನೋಡಿಕೊಂಡರೆ ಹಲ್ಲಿನ ಸಂದಿಯಿಂದ ಗಾಳಿ ಎಳೆದು 'ಚ್ಯೂಪ್ಸ್' ಎನ್ನುತ್ತಿದ್ದಳು. ಬೇಸರವಾದರೆ ನಾವು ಈ ದ್ವೀಪದವರೆಲ್ಲ ಹಾಗೆ ಹಲ್ಲು ಹೀರುತ್ತೇವೆ. ಆದರೆ ಟಾಂಟಿಯ ಮುಂದಿನ ಹಲ್ಲೊಂದು ಚಿಕ್ಕಂದಿನಲ್ಲೇ ಮುರಿದಿತ್ತು. ಅವಳ ಚ್ಯೂಪ್ಸ್ ಉದ್ದವಾಗಿ ಎಳೆದು ಕೊನೆಗೆ ಸಣ್ಣಗೆ ಶಿಳ್ಳೆಯಾಗುತ್ತಿತ್ತು. ನೂರು ಜನರ ನಡುವೆಯೂ ಅದು ಅವಳದೇ ಎಂದು ಹೇಳಬಹುದಿತ್ತು.

ಹೋದ ಮಾರ್ಚ್‌ನಲ್ಲಿ, ಮರದ ಸೇತುವೆಯ ಪಕ್ಕದ ಮಣ್ಣಿನ ದರೆಯಲ್ಲಿ, ನಾವು ಕಾಡಿನ ರಾಜ ಎಂದು ಕರೆಯುವ ಹಕ್ಕಿ ಬಿಲ ಕೊರೆದು ಮೊಟ್ಟೆ ಇಟ್ಟಿತ್ತು. ನೀಲಿ ತಲೆಯ, ಉದ್ದ ಬಾಲದ ತುದಿಯಲ್ಲಿ ಎರಡು ಪುಟ್ಟ ಬೀಸಣಿಗೆ ಹೊತ್ತ ಹಕ್ಕಿ. ಆ ವರ್ಷ ಆ ದಾರಿಯಲ್ಲಿ ಇದ್ದದ್ದು ಅದೊಂದೇ ಗೂಡು. ಮರಿ ಹಾರುವವರೆಗೆ ಯಾರೂ ಮೂವತ್ತು ಹೆಜ್ಜೆಗಿಂತ ಹತ್ತಿರ ಹೋಗಕೂಡದು ಎಂದು ಟಾಂಟಿ ಎಲ್ಲ ಮಾರ್ಗದರ್ಶಿಗಳಿಗೂ ಹೇಳಿದ್ದಳು.

ಒಂದು ಬುಧವಾರ ನಾನು ನಾಲ್ಕು ಜನರನ್ನು ಅವಳ ಬಳಿ ಕರೆತಂದೆ. ಸೇತುವೆ ತಲುಪುವ ಮೊದಲೇ 'ಹೂಪ್, ಹೂಪ್' ಎಂಬ ಕೂಗು ಕೇಳಿಸಿತು. ಟಾಂಟಿ ಗಕ್ಕನೆ ನಿಂತಳು.

"ಇದು ಹಕ್ಕಿ ಅಲ್ಲ ಕಣೋ" ಎಂದಳು.

ಅವಳ ಅಕ್ಕನ ಮಗ ಲಿಂಡನ್, ನಲವತ್ತು ದಾಟಿದ ಗಂಡಸು, ಅವನೂ ಮಾರ್ಗದರ್ಶಿಯೇ, ಹನ್ನೆರಡು ಪ್ರವಾಸಿಗರನ್ನು ದರೆಯ ಬುಡದಲ್ಲೇ ಸಾಲಾಗಿ ನಿಲ್ಲಿಸಿದ್ದ. ಕೈಯಲ್ಲಿ ಮೊಬೈಲು, ಅದಕ್ಕೊಂದು ಸ್ಪೀಕರ್, ಕೂಗು ಬರುತ್ತಿದ್ದದ್ದು ಅದರಿಂದ. ಬೇರೆ ಗಂಡು ನುಗ್ಗಿತೆಂದುಕೊಂಡು ಹಕ್ಕಿ ಮೊಟ್ಟೆ ಬಿಟ್ಟು ಹೊರಗೆ ಬಂದು, ಕೊಂಬೆಯಿಂದ ಕೊಂಬೆಗೆ ಹಾರಿ ಇಲ್ಲದ ಶತ್ರುವನ್ನು ಹುಡುಕುತ್ತಿತ್ತು. ಹನ್ನೆರಡು ಜನರೂ ಫೋಟೋ ತೆಗೆಯುವುದರಲ್ಲಿ ಮುಳುಗಿದ್ದರು.

"ಲಿಂಡನ್! ನಿಂಗೆ ನಾಚಿಕೆ ಆಗಲ್ವೇನೋ? ಎಷ್ಟು ದಿನದಿಂದ ಮಾಡ್ತಿದ್ದೀಯ ಇದನ್ನ?"

"ಒಂದು ವಾರ ಆಯ್ತು. ಏನೀಗ? ನೀನು ಎರಡು ಗಂಟೆ ನಿಲ್ಲಿಸ್ತೀಯ, ನಾನು ಐದು ನಿಮಿಷಕ್ಕೆ ತೋರಿಸ್ತೀನಿ. ಜನ ಯಾರ ಹತ್ರ ಬರ್ತಾರೆ ಹೇಳು ಟಾಂಟಿ."

"ಮೊಟ್ಟೆ ತಣ್ಣಗಾಗುತ್ತೆ ಕಣೋ!"

"ಅದೇನು ನಿನ್ನ ಮೊಟ್ಟೇನಾ?" ಎಂದು ನಕ್ಕು, ಅವಳನ್ನು ಕೆಣಕಲೆಂದೇ ಮತ್ತೊಮ್ಮೆ ಒತ್ತಿದ.

ಹೂಪ್, ಹೂಪ್. ಹೂಪ್, ಹೂಪ್. ಆಮೇಲೆ, ಕೂಗು ಮುಗಿಯುವ ಜಾಗದಲ್ಲಿ, ಉದ್ದನೆಯ ಒಂದು ಚ್ಯೂಪ್ಸ್. ಕೊನೆಗೆ ಸಣ್ಣ ಶಿಳ್ಳೆ.

ನಾನು ಟಾಂಟಿಯ ಮುಖ ನೋಡಿದೆ. ಅವಳ ಬಾಯಿ ಮುಚ್ಚಿತ್ತು.

"ಇನ್ನೊಂದ್ಸಲ ಹಾಕು" ಎಂದಳು, ತೀರಾ ಮೆಲ್ಲಗೆ. ಲಿಂಡನ್ ಹಾಕಿದ. ಮತ್ತೆ ಅದೇ.

ಮೂವತ್ತು ವರ್ಷದ ಹಿಂದೆ ಹಕ್ಕಿಯ ಕೂಗು ಹಿಡಿಯಲು ಟೇಪ್ ರೆಕಾರ್ಡರ್ ಹೊತ್ತು ಒಬ್ಬ ಬಿಳಿಯ ಬಂದಿದ್ದನಂತೆ. ಮೂರು ದಿನ ಮಳೆ, ಹಕ್ಕಿ ಕೂಗಲೇ ಇಲ್ಲ. ಪಾಪ, ಬರಿಗೈಲಿ ಹೋಗುತ್ತಾನಲ್ಲ ಎಂದು ಟಾಂಟಿ ಎರಡೂ ಅಂಗೈ ಜೋಡಿಸಿ ತಾನೇ ಕೂಗಿ ತೋರಿಸಿದಳು. ಇನ್ನೊಮ್ಮೆ ಎಂದ. ಮತ್ತೂ ಒಮ್ಮೆ ಎಂದ. ನಾಲ್ಕನೇ ಸಲಕ್ಕೆ ಅವಳಿಗೆ ರೇಗಿ ಹಲ್ಲು ಹೀರಿದಳು. ನೆನಪಿಗೆ ಇಟ್ಟುಕೊಳ್ಳುತ್ತಾನೆ ಅಂದುಕೊಂಡಿದ್ದಳು. ಅವನು ಅದನ್ನು ಹಕ್ಕಿಯ ಕೂಗೆಂದು ಲೋಕಕ್ಕೆಲ್ಲ ಹಂಚಿದ್ದ.

ಇದನ್ನೆಲ್ಲ ಅವಳು ಅಲ್ಲೇ ನಿಂತು ಹೇಳಿದಾಗ ಲಿಂಡನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಂಗಾದ್ರೆ ಅದನ್ನ ಗೂಡಿಂದ ಎಬ್ಬಿಸ್ತಿರೋದು ನೀನೇ! ನನ್ನ ಯಾಕೆ ಬೈತೀಯ?"

ಟಾಂಟಿ ಮೊಬೈಲನ್ನು ಕಿತ್ತು ಹೊಳೆಗೆ ಎಸೆದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಪ್ರವಾಸಿಗರ ಎದುರೇ ಚಪ್ಪಾಳೆ ತಟ್ಟಿದೆ. ಏನು ಪ್ರಯೋಜನ? ಮರುದಿನ ಲಿಂಡನ್ ಹೊಸದು ಕೊಂಡ. ಅವನಿಂದ ಕಲಿತ ಇನ್ನಿಬ್ಬರು ಮಾರ್ಗದರ್ಶಿಗಳೂ ಸ್ಪೀಕರ್ ತಂದರು. ಅರಣ್ಯದ ಕಚೇರಿಗೆ ಹೋಗಿ ಅವಳು ಕೂಗಾಡಿದಳು. ಬರೆದು ಕೊಡಿ, ನೋಡೋಣ ಎಂದರು. ಬರೆದು ಕೊಟ್ಟಳು. ನೋಡಿದವರು ಯಾರೂ ಇಲ್ಲ.

ಎರಡು ವಾರದ ನಂತರ ಬಿಲದ ಬಾಯಿಗೆ ಇರುವೆ ಸಾಲು ಹತ್ತಿತ್ತು. ಟಾಂಟಿ ದರೆಗೆ ಕೈ ಊರಿ ನಿಂತಳು. "ನಂದೇ ಗಂಟಲು ಕಣೋ" ಎಂದಳು. ನಾನು ಇಪ್ಪತ್ತು ವರ್ಷದಿಂದ ಇದೇ ದಾರಿಗೆ ಜನರನ್ನು ಹೊತ್ತು ತಂದವನು.

ಅವಳು ಮತ್ತೆ ಅಂಗೈ ಜೋಡಿಸಿ ಕೂಗಿದ್ದನ್ನು ನಾನು ಕೇಳಿಲ್ಲ. ಕೆಲಸ ಮಾತ್ರ ಬಿಟ್ಟಿಲ್ಲ. ಮೊನ್ನೆ ಹಡಗಿನಿಂದ ಬಂದ ಒಬ್ಬ ಹೆಂಗಸು ಖಾಲಿ ದರೆಯ ಎದುರು ನಿಂತು, ತನ್ನ ಮೊಬೈಲಿನಲ್ಲಿದ್ದ ಅದೇ ಕೂಗನ್ನು ಹಾಕಿದಳು. ಯಾವ ಹಕ್ಕಿಯೂ ಬರಲಿಲ್ಲ.

"ಕೊನೇಲಿ ಒಂದು ಬೇರೆ ಥರ ಸದ್ದು ಬರುತ್ತಲ್ಲ, ಅದೂ ಹಕ್ಕೀದೇನಾ?" ಎಂದು ಕೇಳಿದಳು. "ಅದಕ್ಕೆ ಏನರ್ಥ?"

"ಹೂಂ, ಅದೂ ಹಕ್ಕೀದೇ" ಎಂದಳು ಟಾಂಟಿ. "ನಿಮ್ಮ ಮನೆಗೆ ಹೋಗಿ ಅಂತ."