ಬಾನೆಟ್ಟಿಗೆ ಹಾಕಿಸಿದ ಟ್ರಂಕಿನ ಚಿಲಕ

ನಮ್ಮ ಕಾರಿನ ಬಾನೆಟ್ಟಿಗೆ ಟ್ರಂಕಿನ ಚಿಲಕ ಹಾಕಿಸಿದ್ದು, ನಾನು ಮೈಸೂರಿನ ಕಾನ್ವೆಂಟಿನಿಂದ ಬೇಸಿಗೆ ರಜೆಗೆ ಚಾಮರಾಜನಗರಕ್ಕೆ ಬಂದಿದ್ದಾಗ. ಐವತ್ತರ ದಶಕದ ನಡುವೆ ಎಲ್ಲೋ ಇರಬೇಕು, ನನಗೆ ಹನ್ನೆರಡು. ಕಾರು ಸೆಕೆಂಡ್ ಹ್ಯಾಂಡ್, ಅಪ್ಪನೇ ಓಡಿಸುತ್ತಿದ್ದರು. ಬಾನೆಟ್ಟಿನ ಕ್ಯಾಚ್ ಸವೆದುಹೋಗಿ, ಒಂದು ದಿನ ಹರದನಹಳ್ಳಿಯಿಂದ ಬರುವಾಗ ಬಾನೆಟ್ಟು ಗಾಳಿಗೆ ಎದ್ದು ಮುಂದಿನ ಗಾಜಿಗೆ ಬಡಿಯಿತಂತೆ. ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು ಊರು ಸೇರಿದ್ದರು.

ಒರಿಜಿನಲ್ ಪಾರ್ಟ್ ಮದ್ರಾಸಿನಿಂದ ಬರಬೇಕು ಎಂದರು. ಅಪ್ಪ ಪೇಟೆಯ ಟ್ರಂಕ್ ಮಾಡುವವನನ್ನು ಕರೆಸಿದರು. ಅವನು ಎರಡು ಕಬ್ಬಿಣದ ಚಿಲಕ ತಂದು, ಬಾನೆಟ್ಟಿನ ಎರಡು ಮಗ್ಗುಲಿಗೂ ತೂತು ಕೊರೆದು ರಿವೆಟ್ ಹೊಡೆದ.

"ಬೀಗ ಆಕ್ಕಂಡೇ ಓಡುಸ್ಬೇಕು ಸ್ವಾಮಿ. ಬರೀ ಚಿಲ್ಕ ಆದ್ರೆ ಗುಂಡೀಲಿ ಕುಲುಕಿ ಬಿಚ್ಕತದೆ" ಎಂದ.

ಅಪ್ಪ ಎರಡು ಬೀಗ ತಂದರು, ಎರಡಕ್ಕೂ ಒಂದೇ ಬೀಗದ ಕೈ. ವೆರಿ ಸೆನ್ಸಿಬಲ್ ಅರೇಂಜ್‌ಮೆಂಟ್. ನಮ್ಮ ಮನೆಯಲ್ಲಿ ಯಾವ ಬೀಗದ ಕೈ ಬಂದರೂ ಅದು ಅಮ್ಮನ ಸೊಂಟದ ಗೊಂಚಲಿಗೆ ಸೇರುತ್ತಿತ್ತು. ಇದೂ ಸೇರಿತು, ಉಗ್ರಾಣದ ಕೈ ಮತ್ತು ಅಕ್ಕಿ ಪೆಟ್ಟಿಗೆಯ ಕೈಯ ನಡುವೆ. ಬೆಳಿಗ್ಗೆ ರೇಡಿಯೇಟರ್‌ಗೆ ನೀರು ಹಾಕುವ ಹೊತ್ತಿಗೆ ಅಪ್ಪ ಅಂಗಳದಿಂದ ಕೂಗುತ್ತಿದ್ದರು, ಅಮ್ಮ ಒಲೆ ಬಿಟ್ಟು ಬಂದು ಬಾನೆಟ್ಟಿನ ಬೀಗ ತೆಗೆದು ಕೊಡುತ್ತಿದ್ದಳು. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಗುಂಡ್ಲುಪೇಟೆಯಿಂದ ಬಂದ ಮೊದಲ ಬಸ್ಸಿನ ಕಂಡಕ್ಟರ್ ಮನೆಗೇ ಬಂದು ಹೇಳಿದ: ಅಮ್ಮನ ತಾಯಿಗೆ ಜಾಸ್ತಿಯಾಗಿದೆ, ಮಗಳನ್ನು ಕೇಳುತ್ತಿದ್ದಾರೆ. ಅಮ್ಮ ಸೀರೆ ಕೂಡ ಬದಲಾಯಿಸಲಿಲ್ಲ. ಅವಸರದಲ್ಲಿ ಅಪ್ಪ ನೀರು ನೋಡಲಿಲ್ಲ.

ನಮ್ಮಲ್ಲಿ ಸೊಸೆ ತವರಿಗೆ ಹೊರಟರೆ ಬೀಗದ ಕೈ ಗೊಂಚಲನ್ನು ಅತ್ತೆಗೆ ಒಪ್ಪಿಸಿಯೇ ಹೊಸಿಲು ದಾಟಬೇಕು. ಗಂಡನ ಮನೆಯ ಬೀಗದ ಕೈ ತವರು ಸೇರಬಾರದು. ಅಂಥ ಆತುರದಲ್ಲೂ ಅಮ್ಮ ಸೊಂಟಕ್ಕೆ ಕೈ ಹಾಕಿ ಗೊಂಚಲು ಬಿಚ್ಚಿ ಅಪ್ಪನ ತಾಯಿಯ ಕೈಗೆ ಇಟ್ಟಳು. ಅದರಲ್ಲಿ ಹೊಸ ಹಿತ್ತಾಳೆ ಕೈ ಹೊಳೆಯುತ್ತಿದ್ದುದನ್ನು ನಾನು ನೋಡಿದೆ. ಅದರಲ್ಲಿ ಹೇಳುವಂಥದ್ದು ಏನೂ ಕಾಣಲಿಲ್ಲ.

ಹರವೆ ಕಡೆ ತಿರುಗುವ ದಾರಿ ದಾಟಿ ಸ್ವಲ್ಪ ದೂರದಲ್ಲಿ ಕಾರು ಕುದಿಯತೊಡಗಿತು. ಬಾನೆಟ್ಟಿನ ಸಂದುಗಳಿಂದ ಹಬೆ ಬರುತ್ತಿತ್ತು. ಅಪ್ಪ ನಿಲ್ಲಿಸಿ, ಇಳಿದು, ಅಭ್ಯಾಸಬಲದಿಂದ ಅಮ್ಮನ ಕಿಟಕಿಗೆ ಕೈ ಚಾಚಿದರು. ಅಮ್ಮನೂ ಅಭ್ಯಾಸಬಲದಿಂದ ಸೊಂಟ ಮುಟ್ಟಿಕೊಂಡಳು. ಗೊಂಚಲು ಮನೆಯಲ್ಲಿ, ಅತ್ತೆಯ ಹತ್ತಿರ ಇತ್ತು.

ಪಕ್ಕದ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಒಂದು ಕೊಡ ನೀರು ಹೊತ್ತು ಬಂದರು. ಬೀಗ ನೋಡಿ ನಿಂತರು.

"ಕಾರ್ಗೂ ಬೀಗ ಆಕವ್ರಲ್ಲಾ! ಒಳ್ಗೆ ರಾಗಿ ಮಡ್ಗವ್ರಾ?" ಎಂದ ಒಬ್ಬ.

"ಸುಮ್ಕಿರ್ಲಾ," ಎಂದು ವಯಸ್ಸಾದವನು ಅಪ್ಪನ ಕಡೆ ತಿರುಗಿದ. "ಬುದ್ಧೀ, ಆರೆ ತತ್ತೀನಿ. ಒಂದೇ ಏಟು, ಕಿತ್ತಾಕ್ಬುಡನ. ಆಮೇಲ್ ಅಗ್ಗ ಕಟ್ಕಂಡ್ ಓಗಿ."

"ಚಿಲಕ ಕಿತ್ತರೆ ತಗಡೇ ಹರ್ಕೊಂಡು ಬರುತ್ತೆ, ಹೊಸದಾಗಿ ಹಾಕಿಸಿದ್ದು," ಎಂದರು ಅಪ್ಪ. ಮತ್ತೆ ಬಗ್ಗಿ ಅಮ್ಮನನ್ನು ಕೇಳಿದರು: "ಏನಂತೀಯ? ಒಡೆಸ್ಲಾ?"

ಅಮ್ಮ ಮುಂದಿನ ರಸ್ತೆ ನೋಡುತ್ತಿದ್ದಳು. "ನಿಮ್ಮಿಷ್ಟ" ಎಂದಳು.

ಅಪ್ಪ ಒಡೆಸಲಿಲ್ಲ. ವೀಳ್ಯದೆಲೆ ಹೊರೆ ಕಟ್ಟಿಕೊಂಡು ಸೈಕಲ್ಲಿನಲ್ಲಿ ಚಾಮರಾಜನಗರದ ಕಡೆ ಹೊರಟಿದ್ದ ಒಬ್ಬನನ್ನು ನಿಲ್ಲಿಸಿ, ಮನೆ ಗುರುತು ಹೇಳಿ, ಬೀಗದ ಕೈ ತರಲು ಕಳಿಸಿದರು. ಮಧ್ಯಾಹ್ನದವರೆಗೆ ಆ ದಾರಿಯಲ್ಲಿ ಬೇರೆ ಬಸ್ಸಿರಲಿಲ್ಲ. ಕೊಡದ ನೀರು ರಸ್ತೆ ಪಕ್ಕದಲ್ಲೇ ಇತ್ತು. ನಾನು ಕಾನ್ವೆಂಟಿನಿಂದ ತಂದಿದ್ದ ಸ್ಟೋರಿ ಬುಕ್ ಓದುತ್ತಾ ಕೂತೆ. ನಿಜ ಹೇಳಬೇಕೆಂದರೆ ಮೂರು ಚಾಪ್ಟರ್ ಓದಿದೆ, ಇಷ್ಟಪಟ್ಟೇ ಓದಿದೆ. ಅಮ್ಮ ಹಿಂದಿನ ಸೀಟಿನಲ್ಲಿ ನನ್ನ ಪಕ್ಕದಲ್ಲೇ ಇದ್ದಳು. ಒಮ್ಮೆಯೂ ಹೊತ್ತೆಷ್ಟಾಯಿತು ಎಂದು ಕೇಳಲಿಲ್ಲ.

ಸೈಕಲ್ಲಿನವನು ವಾಪಸು ಬರಲಿಲ್ಲ. ಹನ್ನೆರಡರ ಬಿಸಿಲಲ್ಲಿ ಒಂದು ಜಟಕಾ ಬಂತು. ಅದರಿಂದ ಅಪ್ಪನ ತಾಯಿ ಇಳಿದರು, ಗೊಂಚಲು ಅವರ ಸೊಂಟದಲ್ಲಿತ್ತು.

"ಯಾವನೋ ಎಲೆ ಮಾರೋನ್ ಕೈಗೆ ಮನೆ ಬೀಗದ್ ಕೈ ಕೊಟ್ ಕಳುಸ್ಬುಡಕಾಯ್ತದಾ? ಅದ್ಕೇ ನಾನೇ ಬಂದಿ" ಎಂದರು. "ಜಟಕಾ ಸಿಕ್ಕದೇ ತಡ ಆಯ್ತು."

ಅಪ್ಪ ಕೈ ನೀಡಿದರೂ ಅವರು ಕೊಡಲಿಲ್ಲ. ಗೊಂಚಲನ್ನು ಸೊಂಟದಿಂದ ಬಿಚ್ಚದೆ, ಕಾರಿಗೆ ಹೊಟ್ಟೆ ತಾಗುವಷ್ಟು ಹತ್ತಿರ ನಿಂತು, ಒಂದೊಂದೇ ಕೈ ಹಾಕಿ ನೋಡಿದರು, ಕೊನೆಗೆ ಹಿತ್ತಾಳೆಯದು ಹೊಂದಿತು. ಆಮೇಲೆ ಆ ಕಡೆ ನಡೆದುಹೋಗಿ ಇನ್ನೊಂದನ್ನು ತೆಗೆದರು. ಅಪ್ಪ ನೀರು ತುಂಬಿಸಿದರು. ಅಪ್ಪನ ತಾಯಿ ಮತ್ತೆ ಎರಡೂ ಬೀಗ ಹಾಕಿ, ಎಳೆದು ನೋಡಿ, ಜಟಕಾ ಹತ್ತಿದರು.

ಗುಂಡ್ಲುಪೇಟೆಯ ಮನೆಯ ಮುಂದೆ ಜನ ಇದ್ದರು. ನಾನು ಮೊದಲು ಇಳಿದು ಒಳಗೆ ಓಡಿದೆ. ನಡುಮನೆಯ ಗೋಡೆಗೆ ಒರಗಿ ಅಮ್ಮನ ತಾಯಿ, ನನ್ನ ಅಜ್ಜಿ, ಕೂತಿದ್ದರು. ನೆಟ್ಟಗೆ, ಹಣೆತುಂಬ ವಿಭೂತಿ, ಕೊರಳಲ್ಲಿ ಹೂವಿನ ಹಾರ. ನಾನು ಅದುವರೆಗೆ ಕಂಡಿದ್ದುದು ಒಂದೇ ಸಾವು, ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್‌ದು. ಅವರನ್ನು ಚಾಪೆಲ್ಲಿನಲ್ಲಿ ಮಲಗಿಸಿದ್ದರು. ನಮ್ಮವರು ಸತ್ತವರನ್ನು ಕೂರಿಸುತ್ತಾರೆ ಎಂದು ಯಾರೂ ನನಗೆ ಹೇಳಿರಲಿಲ್ಲ.

"ಅಮ್ಮಾ, ಅಜ್ಜಿ ಎದ್ದು ಕೂತವ್ರೆ!" ಎಂದು ಕೂಗಿಬಿಟ್ಟೆ.

ಯಾರೋ ನನ್ನ ಬಾಯಿ ಮುಚ್ಚಿದರು. ಅಮ್ಮ ಹೊಸಿಲ ಮೇಲೆಯೇ ನಿಂತಳು. ಸೋದರಮಾವ ಅವಳ ಹತ್ತಿರ ಬಂದು, "ಒಂದ್ ಗಂಟೆ ಮುಂಚೆ ಬರಕಾಯ್ನಿಲ್ವಾ ನಿಂಗೆ? ನಿನ್ನೇ ಕೇಳ್ಕಂಡ್ ಕೇಳ್ಕಂಡ್ ಓದ್ಲು ಕಣವ್ವಾ" ಎಂದರು.

"ಕಾರು ಕೆಟ್ಟೋಗಿತ್ತು" ಎಂದಳು ಅಮ್ಮ.

ಅಪ್ಪ ಜಗಲಿಯ ಕೆಳಗೆ ಚಪ್ಪಲಿ ಬಿಡುತ್ತಿದ್ದರು. ಅವರಿಗೆ ಕೇಳಿಸಿತು ಎಂದು ನನಗೆ ಗೊತ್ತು, ಒಂದು ಚಪ್ಪಲಿ ಬಿಟ್ಟವರು ಇನ್ನೊಂದನ್ನು ಬಿಡಲು ಬಹಳ ಹೊತ್ತು ತೆಗೆದುಕೊಂಡರು. ಆ ಮಾತನ್ನು ಅವರು ಅವತ್ತು ತಿದ್ದಲಿಲ್ಲ, ಮುಂದೆಯೂ ತಿದ್ದಲಿಲ್ಲ.

ಅಮ್ಮ ಅಳಲಿಲ್ಲ. ಹೋಗಿ ಅಜ್ಜಿಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಳು. ಸ್ವಲ್ಪ ಹೊತ್ತು ಇಬ್ಬರೂ ಒಂದೇ ಥರ ಕೂತಿದ್ದರು.