ಗುರುವ ಜೋಡಿಸಿದ ಅಡುಗೆಮನೆ

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವರ ಪೈಕಿ ಗುರುವನೂ ಒಬ್ಬ. ಕಚ್ಚಾ ತೈಲಕ್ಕೆ ಚಿನ್ನದ ಬೆಲೆ ಇದ್ದಾಗ ಎಲ್ಲರ ಹಾಗೆ ಅವನೂ ಕೊಲ್ಲಿ ದೇಶದ ಸೀಬ್ ಪಟ್ಟಣದಲ್ಲಿ ದೊಡ್ಡ ಫ್ಲಾಟು ಹಿಡಿದಿದ್ದ. 2016ರ ಹೊತ್ತಿಗೆ ಬೆಲೆ ಮಕಾಡೆ ಮಲಗಿತು. ಹದಿನಾಲ್ಕು ವರ್ಷ ಅವನು ಸ್ಟೋರ್‌ಕೀಪರ್ ಆಗಿದ್ದ ಡ್ರಿಲ್ಲಿಂಗ್ ಕಂಪನಿ ಸಂಬಳಕ್ಕೆ ಕತ್ತರಿ ಹಾಕಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ, ಅಲ್ಲೇ ಹತ್ತಿರದ ಅಲ್ ಮವಾಲೇಹ್‌ ಬಡಾವಣೆಯ ಪುಟ್ಟ ಮನೆಗೆ ಸಾಮಾನು ಸಾಗಿಸಿದ.

ಹೊಸ ಅಡುಗೆಮನೆಯಲ್ಲಿ ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗಿರಬೇಕು. ಇದ್ದದ್ದು ಒಂದೇ ಕಪಾಟು. ಊರಿಂದ ಹೊತ್ತು ತಂದ ಕುಚ್ಚಲಕ್ಕಿ, ಹಪ್ಪಳ, ಹುಣಸೆ, ಬ್ಯಾಡಗಿ ಮೆಣಸು ಎಲ್ಲವೂ ರಟ್ಟಿನ ಪೆಟ್ಟಿಗೆಗಳಲ್ಲೇ ಹಾಲ್‌ನಲ್ಲಿ ಕೂತವು. ಹೆಂಡತಿ ಸ್ವರ್ಣಲತಾ ಪೆಟ್ಟಿಗೆಗಳ ನಡುವೆ ದಾರಿ ಮಾಡಿಕೊಂಡು ಓಡಾಡತೊಡಗಿದಳು.

ಆ ವರ್ಷ ಪರಿಚಯದವರೆಷ್ಟೋ ಮಂದಿ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ, ತಾವು ಬ್ಯಾಚುಲರ್ ರೂಮು ಸೇರಿದ್ದರು. ಇವರೂ ಕೂತು ಮಾತಾಡಿಕೊಂಡರು. ಬೇಸಿಗೆ ರಜೆಯವರೆಗೆ ಈ ಮನೆಯಲ್ಲಿ ಸಂಸಾರ ಮಾಡಿ ನೋಡುವುದು, ಆಗದಿದ್ದರೆ ಸ್ವರ್ಣಲತಾ ಮಗಳು ಸೌಮ್ಯಶ್ರೀಯನ್ನು ಕರೆದುಕೊಂಡು ಉಡುಪಿಗೆ ಹೋಗುವುದು. ಗುರುವ ತಲೆಯಾಡಿಸಿದ್ದೇನೋ ಹೌದು. ಆದರೆ ಅವರಿಬ್ಬರಿಲ್ಲದ ಮನೆಯನ್ನು ನೆನೆದರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಅಡುಗೆಮನೆ ನೆಟ್ಟಗಾದರೆ ಇವಳು ಉಳಿಯುತ್ತಾಳೆ ಎಂದು ಅವನಿಗೆ ಅನ್ನಿಸಿತು. ತರಕಾರಿ ಮಾರುಕಟ್ಟೆಯಲ್ಲಿ ವ್ಯಾನು ಓಡಿಸುವ ಇದಿನಬ್ಬ ಹಣ್ಣಿನ ಖಾಲಿ ಮರದ ಪೆಟ್ಟಿಗೆಗಳನ್ನು ಪುಕ್ಕಟೆ ತಂದುಕೊಟ್ಟ. ಗುರುವ ಎರಡು ವಾರದ ರಜೆ ದಿನಗಳಲ್ಲಿ ಅವನ್ನು ಬಿಚ್ಚಿ, ಉಜ್ಜಿ, ಗೋಡೆಗೆ ಹಲಗೆ ಕೂರಿಸಿದ. ಕಪಾಟಿನ ಬಾಗಿಲ ಒಳಮೈಗೆ ಮಸಾಲೆ ಡಬ್ಬಿಗಳ ಸಾಲು ಬಂತು. ಸಿಂಕಿನ ಕೆಳಗೆ ಪರದೆಯ ಸರಳನ್ನು ಅಡ್ಡ ಹಾಕಿ ಪಾತ್ರೆ ತೊಳೆಯುವ ಸೋಪಿನ ಬಾಟಲಿಗಳನ್ನು ನೇತುಹಾಕಿದ. ಹಾಲಿನಪುಡಿಯ ಖಾಲಿ ಡಬ್ಬಗಳಿಗೆ ಬೇಳೆ ತುಂಬಿ ಚೀಟಿ ಅಂಟಿಸಿದ. ದಿನಾ ಬೇಕಾದದ್ದು ಸೊಂಟದ ಎತ್ತರಕ್ಕೆ, ಅಪರೂಪದ್ದು ತಲೆಯ ಮೇಲೆ, ಭಾರದ್ದು ನೆಲಕ್ಕೆ. ಇದು ಉಗ್ರಾಣದ ಕಾನೂನು. ಖಾಲಿ ಜಾಗ ಕಂಡರೆ ಸ್ಟೋರ್‌ಕೀಪರನಿಗೆ ಸಮಾಧಾನವಿಲ್ಲ. ಫ್ರಿಜ್ಜಿನ ಪಕ್ಕ ಎರಡಡಿ ನೆಲ ಉಳಿದಿತ್ತು, ಅಲ್ಲಿ ಅಕ್ಕಿಗೊಂದು ಗೂಡು ಮಾಡಿ ತುರುಕಿದ.

ಸೌಮ್ಯಶ್ರೀ ಇಣುಕಿ ನೋಡಿ, "ಪಪ್ಪಾ, ಇಟ್ಸ್ ಯುವರ್ ವೇರ್‌ಹೌಸ್" ಎಂದಳು. ಪಾಪ, ಅವನು ಅದನ್ನು ಹೊಗಳಿಕೆ ಅಂದುಕೊಂಡ. ಸ್ವರ್ಣಲತಾ ಚೆನ್ನಾಗಿದೆ ಎಂದಳು.

ವಾರ ಕಳೆಯುವುದರೊಳಗೆ ಸಾಂಬಾರಿನ ರುಚಿ ಕೆಟ್ಟಿತು. ಫ್ರೀಜರಿನಲ್ಲಿ ತುರಿದ ಕಾಯಿಯ ಪ್ಯಾಕೆಟ್ ಕಂಡು ಗುರುವ ಬೆರಗಾದ. ಅಂಗಡಿಯ ತುರಿಯನ್ನು ಮೂಸಿಯೂ ನೋಡದವಳು ಇವಳು. ಒಂದು ಶನಿವಾರ ಪಾಸ್‌ಪೋರ್ಟಿಗೆಂದು ಸೂಟ್‌ಕೇಸ್ ತೆರೆದರೆ, ಒಳಗೆ ಅವಳ ತುರಿಮಣೆ ಹಳೇ ಸೀರೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಕರಾವಳಿಯ ಹೆಂಗಸು ತುರಿಮಣೆಯನ್ನು ಸೂಟ್‌ಕೇಸಿಗೆ ಹಾಕಿದಳೆಂದರೆ ಇನ್ನೇನು ಉಳಿಯಿತು?

"ಹೊರಡುವುದು ಯಾವಾಗ ಅಂತ ನನಗೊಂದು ಮಾತು ಹೇಳ್ಬಹುದಿತ್ತು" ಎಂದ.

ಸ್ವರ್ಣಲತಾ ಅವನ ಮುಖ ನೋಡಿದಳು, ಸೂಟ್‌ಕೇಸ್ ನೋಡಿದಳು. "ಎಲ್ಲಿಗೆ ಹೊರಡುವುದು? ಅದನ್ನು ಇಡ್ಲಿಕ್ಕೆ ಬೇರೆ ಜಾಗ ಎಲ್ಲುಂಟು? ನಾನು ಮಣೆ ಹಾಕಿ ಕೂತ್ಕೊಳ್ಳುವ ನೆಲದಲ್ಲಿ ನಿಮ್ಮ ಅಕ್ಕಿ ಕೂತಿದೆ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ ಗುರುವ. ಕಾಯಿ ತುರಿಯುವವರು ನೆಲದ ಮೇಲೆ ಕೂರುತ್ತಾರೆ ಎಂಬುದು, ಹುಟ್ಟಿದಾಗಿನಿಂದ ನೋಡಿದವನಿಗೆ, ಅಳತೆಪಟ್ಟಿ ಹಿಡಿದ ಕೂಡಲೇ ಮರೆತುಹೋಗಿತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ. ಅಷ್ಟು ಬೆವರು ಸುರಿಸಿ ಮಾಡಿದ್ದನ್ನು ಹೇಗೆ ಸರಿಯಿಲ್ಲ ಅನ್ನುವುದು ಎಂದಳು ಅವಳು.

ಅಕ್ಕಿಯ ಗೂಡನ್ನು ಅಂದೇ ಕಿತ್ತದ್ದಾಯಿತು, ಅಕ್ಕಿ ಮಂಚದ ಕೆಳಗೆ ಹೋಯಿತು. ಸಂಜೆ ಸ್ವರ್ಣಲತಾ ಆ ಎರಡಡಿ ನೆಲದಲ್ಲಿ ಮಣೆ ಹಾಕಿ ಕೂತು ಕಾಯಿ ತುರಿದಳು. ಸೀಬಿನ ಮನೆಯಲ್ಲಿ ದಿನವೂ ಮಾಡುತ್ತಿದ್ದಂತೆ ಗುರುವ ಚಹಾ ಹಿಡಿದು ಬಾಗಿಲ ಬಳಿ ನೆಲದಲ್ಲೇ ಕೂತ. ದಿನದ ಸುಖದುಃಖವೆಲ್ಲ ಅವರು ಮಾತಾಡಿಕೊಂಡದ್ದು ಹೀಗೆ ಕೂತಾಗಲೇ. ಅದೂ ಅವನಿಗೆ ಈಗಲೇ ಹೊಳೆದದ್ದು. ಆದರೂ ಮನಸ್ಸು ತಡೆಯದೆ, ಉಡುಪಿಯ ಮನೆಯಾದರೆ ಇಷ್ಟು ಇಕ್ಕಟ್ಟಿಲ್ಲ, ಹೋಗುವ ಮನಸ್ಸಿದ್ದರೆ ತಾನು ತಡೆಯುವುದಿಲ್ಲ ಎಂದ.

"ಊರಲ್ಲಿ ಮಣೆ ಹಾಕ್ಲಿಕ್ಕೆ ಬೇಕಾದಷ್ಟು ಜಾಗ ಉಂಟು" ಎಂದಳು ಅವಳು, ಕಾಯಿಯಿಂದ ಕಣ್ಣೆತ್ತದೆ. "ಅಲ್ಲಿ ಬಾಗಿಲಲ್ಲಿ ಬಂದು ಕೂತ್ಕೊಳ್ಳುವವರು ಯಾರು? ಹೋಗುವುದಾದ್ರೆ ಮೂರೂ ಜನ ಒಟ್ಟಿಗೆ ಹೋಗುವ. ಚಾ ಕುಡೀರಿ, ತಣಿತದೆ."