ಹಳದಿ ಗುಳಿಗೆಯ ಕಂಪೌಂಡರರು

ಅವರ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಆ ಬೋಳು ಬೆರಳಿನಿಂದ ನನ್ನ ಬಾತ ಕಾಲನ್ನು ಒತ್ತಿ, ಬಿದ್ದ ಗುಳಿ ತುಂಬುವುದನ್ನೇ ನೋಡುತ್ತ ಕೂತಿದ್ದರು. ಹೊನ್ನಾವರದ ದವಾಖಾನೆಯ ಕಂಪೌಂಡರರು. ವಾರಕ್ಕೊಮ್ಮೆ ಹಳದೀಪುರಕ್ಕೆ ಸೈಕಲ್ ಮೇಲೆ ಬರುತ್ತಿದ್ದರು.

ಯುದ್ಧದ ಕಾಲ. ಮನೆಯ ಕುಚ್ಚಲಕ್ಕಿ ಮುಗಿದು ಕಂಟ್ರೋಲಿನ ಬಿಳಿ ಅಕ್ಕಿಗೆ ಬಿದ್ದಿದ್ದೆವು. ಅದನ್ನೂ ಮೂರು ಸಲ ತೊಳೆದು, ಅನ್ನದ ತೆಳಿ ಬಸಿದು ದನಕ್ಕೆ ಹಾಕುತ್ತಿದ್ದೆವು. "ಸತ್ವ ದನಕ್ಕೆ, ಚರಟ ಬಾಣಂತಿಗೆ" ಎಂದು ಅವರು ಗೊಣಗುತ್ತಿದ್ದರು.

ನನ್ನ ಮೂರು ತಿಂಗಳ ಕೂಸು ಬಾಯಿ ತೆರೆದು ಅಳುತ್ತಿತ್ತು, ದನಿ ಮಾತ್ರ ಬರುತ್ತಿರಲಿಲ್ಲ. ಅದನ್ನು ನೋಡಿದ್ದೇ ಕಂಪೌಂಡರರು, ಅನ್ನದ ಸತ್ವ ಹೋಗಿ ತಾಯಿಗೂ ಕೂಸಿಗೂ ಬರುವ ಬೆರಿಬೆರಿ ಇದು ಎಂದು, ನನಗೆ ಬಿ ವಿಟಮಿನ್ ಗುಳಿಗೆ ಕೊಟ್ಟರು.

"ದಿನಾ ತಗೊ ತಂಗಿ, ಹಾಲಿನಿಂದ ಕೂಸಿಗೂ ಸಿಗ್ತದೆ. ಮೈ ತನಗೆ ಬೇಕಾದಷ್ಟು ಇಟ್ಕಂಡು ಉಳಿದದ್ದನ್ನ ಉಚ್ಚೇಲಿ ಹೊರಗೆ ಹಾಕ್ತದೆ. ನಾಳೆಗೆ ಅಂತ ಎತ್ತಿಡೂದಿಲ್ಲ. ಉಚ್ಚೆ ಹಳದಿ ಆತದೆ, ಹೆದರೂದು ಬೇಡ."

ಪರಗಂಡಸು ಉಚ್ಚೆಯ ಮಾತೆತ್ತಿದ ಕೂಡಲೇ ನಾಚಿ ಒಳಗೆ ಓಡಿದೆ. ಮಾತು ಕಿವಿಗೆ ಬಿತ್ತು, ತಲೆಗೆ ಹತ್ತಲಿಲ್ಲ. ಅತ್ತೆ ಗದ್ದೆಯಲ್ಲಿದ್ದರು.

ಮರುದಿನ ನೋಡಿದರೆ ಅರಿಶಿನ ಕದಡಿದ ನೀರು! ಕಾಮಾಲೆಯೇ ಎಂದುಕೊಂಡೆ. ಹಾಲಿನ ಮೂಲಕ ಕೂಸಿಗೂ ವಿಷವೇರೀತು ಎಂದು ಹೆದರಿ, ಅತ್ತೆಗೆ ಕಾಮಾಲೆಯೆಂದೇ ಹೇಳಿ, ಗುಳಿಗೆಗಳನ್ನೆಲ್ಲ ಬೂದಿಗುಂಡಿಗೆ ಎಸೆದೆ. ಐದನೆಯ ದಿನ ಬೆಳಿಗ್ಗೆ ಕೂಸು ಮೊಲೆ ಹಿಡಿಯಲಿಲ್ಲ. ಮಧ್ಯಾಹ್ನಕ್ಕೆ ಹೋಯಿತು.

ಮುಂದಿನ ವಾರ ಅವರು ಬಂದಾಗ ಅತ್ತೆ ಅಂಗಳದಲ್ಲೇ ಅಡ್ಡಗಟ್ಟಿದರು. "ಎಂತಾ ಮದ್ದು ಕೊಟ್ರಿ? ಇವಳಿಗೆ ಕಾಮಾಲೆ ಆತು, ಕೂಸು ಹೋತು!"

ಅವರು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಅವರಿಗೆ ಎಲ್ಲ ತಿಳಿಯಿತು.

"ಹಳದಿ ಆತದೆ ಅಂತ ಹೇಳೂಕೆ ಮರ್ತೆ ಅಮ್ಮಾ" ಎಂದರು. "ತಪ್ಪು ನಂದೇ."

ಆಮೇಲೆ ನಮ್ಮೆದುರೇ ಒಂದು ಗುಳಿಗೆ ನುಂಗಿ, ಮಧ್ಯಾಹ್ನದವರೆಗೆ ಜಗಲಿಯಲ್ಲಿ ಕೂತು, ಮಾವನನ್ನು ಬೇಲಿಯಾಚೆ ಕರೆದು ಬಣ್ಣ ತೋರಿಸಿದರು. ಹಾಗಾಗಿ ನನಗೆ ಮತ್ತೆ ಗುಳಿಗೆ ದಕ್ಕಿತು. ಕಾಲಿನ ಬಾವು ಇಳಿಯಿತು, ನಾನು ಬದುಕಿಕೊಂಡೆ.

ಅತ್ತೆ ಮಾತ್ರ ಕೂಸು ಸತ್ತದ್ದು ಆ ಮದ್ದಿನಿಂದಲೇ ಎಂದು ಊರಿಗೆಲ್ಲ ಸಾರಿದರು. ಎಷ್ಟೋ ಮನೆಯವರು ಕಂಪೌಂಡರರನ್ನು ಒಳಗೆ ಕರೆಯುವುದನ್ನೇ ಬಿಟ್ಟರು. ಅವರು ಯಾರಿಗೂ ಎದುರಾಡಲಿಲ್ಲ. ನನ್ನಂಥ ಹೇಡಿಗೆ ಅಂಥವರ ಋಣ ಬಿದ್ದದ್ದು ನನ್ನ ಕರ್ಮ.

ಕೆಲವು ವರ್ಷಗಳಲ್ಲಿ ಅವರು ಚಳಿಜ್ವರದಿಂದ ತೀರಿಕೊಂಡರು. ಸುದ್ದಿ ಬಂದಾಗ ನಾನು ಎರಡನೆಯ ಮಗುವಿಗೆ ಹಾಲೂಡಿಸುತ್ತಿದ್ದೆ.

"ನಮ್ಮ ಕೂಸನ್ನ ಕೊಂದವ ಹೋದ" ಎಂದರು ಅತ್ತೆ.

ನಾನು ಆಗಲೂ ಬಾಯಿ ಬಿಡಲಿಲ್ಲ.